ರುಫಿಜಿ ಬಯಲಿನ ಮಳೆಗುಂಡಿಯಲ್ಲಿ ಎರಡು ಬಣ್ಣದ ಮೀನು: ಇವು ಹೊಸ ಪ್ರಭೇದ ಇರಬಹುದಾ?

ಪ್ರಶ್ನೆ: ಎರೆಗುಂಡಿ

ಎಲ್ಲರಿಗೂ ನಮಸ್ಕಾರ. ನಾನು ಟಾಂಜಾನಿಯಾದಲ್ಲಿ ರಸ್ತೆ ಸರ್ವೇ ಕೆಲಸ ಮಾಡುತ್ತೇನೆ. ಸದ್ಯ ನಮ್ಮ ಕ್ಯಾಂಪ್ ಇರುವುದು ಕಿಬಿಟಿ ದಾಟಿದ ಮೇಲೆ, ರುಫಿಜಿ ನದಿಯ ಬಯಲಿನಲ್ಲಿ. ಮೀನಿನ ಬಗ್ಗೆ ನಾನು ಓದಿದವನಲ್ಲ. ಆದರೆ ಎರಡು ವಾರದಿಂದ ಒಂದು ಮೀನು ತಲೆಯಲ್ಲೇ ಕೂತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಾಸಿಕಾ ಮಳೆ, ಅಂದರೆ ಇಲ್ಲಿ ಮಾರ್ಚ್‌ನಿಂದ ಮೇವರೆಗೆ ಬರುವ ದೊಡ್ಡ ಮಳೆ, ಆಗಷ್ಟೇ ನಿಂತಿತ್ತು. ರಸ್ತೆ ಪಕ್ಕದ ಎರೆಮಣ್ಣಿನ ತಗ್ಗಿನಲ್ಲಿ ನೀರಿತ್ತು. ಮೊಣಕಾಲು ಮುಳುಗುವಷ್ಟು ಆಳ, ಉದ್ದಕ್ಕೆ ಹದಿನೈದು ಹೆಜ್ಜೆ, ನೀರೆಲ್ಲ ಕದಡಿ ಕಂದು ಬಣ್ಣ. ನಾನು ಟ್ರೈಪಾಡ್ ಊರುತ್ತಿದ್ದೆ. ದನ ಕಾಯುವ ಒಬ್ಬ ಹುಡುಗ ಬಂದು ಸೊಳ್ಳೆಪರದೆಯ ತುಂಡನ್ನು ನೀರಿಗೆ ಹಾಕಿ ಎತ್ತಿದ. ಏಳೆಂಟು ಮೀನು. ಅಂಥ ಕೊಳೆ ನೀರಿನಿಂದ ಅಂಥ ಬಣ್ಣ ಬಂದಿದ್ದು ನೋಡಿ ನಾನು ಕೆಲಸ ಬಿಟ್ಟು ಕೂತುಬಿಟ್ಟೆ. ಮೈಯೆಲ್ಲ ನೀಲಿ, ಪ್ರತಿ ಹುರುಪೆಗೂ ಕೆಂಪು ಅಂಚು, ಬಾಲ ಕೆಂಪು. ಅಳೆದರೆ ದೊಡ್ಡದು 38 ಮಿಲಿಮೀಟರ್. ಜೊತೆಗೆ ಬಣ್ಣವೇ ಇಲ್ಲದ ಕೆಲವು ಇದ್ದವು. ಅವು ಹೆಣ್ಣು ಅಂದುಕೊಂಡೆ.

ಮರುದಿನ ಅದೇ ಹುಡುಗ ಮೂರು ಕಿಲೋಮೀಟರ್ ಆಚೆಯ ಇನ್ನೊಂದು ಗುಂಡಿಗೆ ಕರೆದುಕೊಂಡು ಹೋದ. ಅಲ್ಲಿ ಗಂಡುಗಳೆಲ್ಲ ಕೆಂಪು. ಒಂದೂ ನೀಲಿ ಇಲ್ಲ. ಆಕಾರ ಮಾತ್ರ ಅದೇ.

ಈ ಗುಂಡಿಗಳು ವರ್ಷದಲ್ಲಿ ಎಷ್ಟೋ ತಿಂಗಳು ಬಿರುಕು ಬಿಟ್ಟ ಒಣ ನೆಲ. ಮೀನು ಎಲ್ಲಿಂದ ಬರುತ್ತೆ ಅನ್ನೋದೇ ನನಗೆ ಅರ್ಥವಾಗಿಲ್ಲ. ಹುಡುಗನನ್ನು ಕೇಳಿದರೆ ಮಳೆ ಜೊತೆ ಬರುತ್ತೆ ಅಂದ.

ನನ್ನ ಪ್ರಶ್ನೆ ಇಷ್ಟು. ಇವೆರಡೂ ಹೊಸ ಪ್ರಭೇದಗಳು ಇರಬಹುದಾ? ಹಾಗಿದ್ದರೆ ಯಾರಿಗೆ ಹೇಳಬೇಕು, ಹೇಗೆ ದಾಖಲು ಮಾಡಬೇಕು? ಹೆಸರಿಡುವ ಅವಕಾಶ ಇದ್ದರೆ ಆ ಹುಡುಗನ ಹೆಸರು ಇಡಬೇಕು ಅಂತ ನನ್ನಾಸೆ. ಗಾಡಿಯಲ್ಲಿ ಬರುವಾಗ ನಾಲ್ಕು ಮೀನು ಸತ್ತವು. ಅವನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಸ್ಪಿರಿಟ್‌ನಲ್ಲಿ ಹಾಕಿಟ್ಟಿದ್ದೇನೆ. ಐದು ನೀಲಿ, ಮೂರು ಕೆಂಪು ಬಕೆಟ್‌ಗಳಲ್ಲಿ ಜೀವಂತ ಇವೆ.

ಇನ್ನೊಂದು ಮಾತು. ಮೊದಲನೇ ಗುಂಡಿ ರಸ್ತೆ ಅಗಲ ಮಾಡುವ ಜಾಗದಲ್ಲೇ ಇದೆ. ಬೇಸಿಗೆಯಲ್ಲಿ ಅದನ್ನು ತುಂಬಿಸುತ್ತಾರೆ. ಅದಕ್ಕೇ ಅವಸರ.

ಉತ್ತರ: ನೀಲಿಬಾಲ

ಎರೆಗುಂಡಿ ಸರ್, ನೀವು ನೋಡಿದ್ದು ನಾಥೋಬ್ರಾಂಕಿಯಸ್ ಕುಲದ ಮೀನು. ನಾವು ಸಾಕುವವರು ನಾಥೋ ಅಂತ ಕರೆಯುತ್ತೇವೆ. ಗಂಡಿನ ಬಣ್ಣ, ಎರೆಮಣ್ಣು, ಒಣಗುವ ಗುಂಡಿ, ಮೂರೂ ಅದನ್ನೇ ಹೇಳುತ್ತವೆ.

ಮೀನು ಮಳೆ ಜೊತೆ ಬರುವುದಿಲ್ಲ, ಮೊದಲೇ ಅಲ್ಲೇ ಇರುತ್ತದೆ. ಹೆಣ್ಣು ಮೊಟ್ಟೆಗಳನ್ನು ಮಣ್ಣಿನೊಳಗೆ ಒಂದೊಂದಾಗಿ ಇಡುತ್ತದೆ. ನೀರು ಬತ್ತಿದಾಗ ದೊಡ್ಡ ಮೀನುಗಳೆಲ್ಲ ಸಾಯುತ್ತವೆ. ಮೊಟ್ಟೆ ಮಾತ್ರ ಒಣ ಮಣ್ಣಿನಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಮುಂದಿನ ಮಳೆಗೆ ಒಡೆಯುತ್ತದೆ. ನಾಥೋಬ್ರಾಂಕಿಯಸ್ ಫರ್ಜೆರಿ ಅನ್ನೋದನ್ನು 1968ರಲ್ಲಿ ಈಗಿನ ಜಿಂಬಾಬ್ವೆಯ ಗೊನರೆಝೌ ಕಾಡಿನಲ್ಲಿ ಹಿಡಿದರು, 1971ರಲ್ಲಿ ಹೆಸರಿಟ್ಟರು. ಆಯುಸ್ಸು ಕೆಲವೇ ತಿಂಗಳು. ಮುಪ್ಪಿನ ಬಗ್ಗೆ ಅಧ್ಯಯನ ಮಾಡುವ ಲ್ಯಾಬ್‌ಗಳು ಇವತ್ತು ಅದನ್ನೇ ಸಾಕುತ್ತಿವೆ.

ರುಫಿಜಿ ಭಾಗದಲ್ಲಿ ನಾಥೋಬ್ರಾಂಕಿಯಸ್ ಎಗ್ಗರ್ಸಿ ಎಂಬ ಪ್ರಭೇದ ಇದೆ. 1982ರಲ್ಲಿ ಹೆಸರಿಟ್ಟದ್ದು. ಅದರಲ್ಲಿ ನೀಲಿ ಗಂಡೂ ಇವೆ, ಕೆಂಪು ಗಂಡೂ ಇವೆ. ನೀವು ಬರೆದಿದ್ದು ಓದಿದ ತಕ್ಷಣ ನನಗೆ ಅದೇ ನೆನಪಾಯಿತು. ಬೇಜಾರು ಮಾಡಿಕೊಳ್ಳಬೇಡಿ.

ದಯವಿಟ್ಟು ಎರಡು ಗುಂಡಿಯ ಮೀನುಗಳನ್ನು ಒಂದೇ ಬಕೆಟ್‌ಗೆ ಹಾಕಬೇಡಿ. ನಾವು ದೇಶದ ಅಕ್ಷರ, ವರ್ಷ, ಜಾಗದ ನಂಬರ್ ಸೇರಿಸಿ ಒಂದು ಗುರುತು ಕೊಡುತ್ತೇವೆ. ತಲೆಮಾರು ಕಳೆದರೂ ಆ ಗುರುತು ಬಿಡುವುದಿಲ್ಲ. ಒಮ್ಮೆ ಬೆರೆತರೆ ಯಾವುದು ಎಲ್ಲಿಯದು ಅಂತ ಯಾರೂ ಹೇಳಲಾರರು.

ಉತ್ತರ: ಕಿವಿರು

ನೀಲಿಬಾಲ ಅವರು ಹೇಳಿದ್ದು ಸರಿ ಇರುವ ಸಾಧ್ಯತೆಯೇ ಜಾಸ್ತಿ. ಆದರೂ ಎರೆಗುಂಡಿ ಅವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ.

ನಾನು ದಕ್ಷಿಣ ಆಫ್ರಿಕಾದ ಪೂರ್ವ ಕೇಪ್‌ನಲ್ಲಿ ಒಂದು ಮೀನು ಸಂಗ್ರಹದಲ್ಲಿ ಆರು ವರ್ಷ ಕೆಲಸ ಮಾಡಿದೆ. ನನ್ನವು ನಾಥೋ ಅಲ್ಲ, ಬಾರ್ಬ್‌ಗಳು. ಬೆರಳುದ್ದದ ಮೀನು, ನೋಡಿದರೆ ಎಲ್ಲ ಒಂದೇ ಥರ. ಮೈಕ್ರೋಸ್ಕೋಪಿನ ಕೆಳಗೆ ಸೂಜಿ ಹಿಡಿದು ಪಕ್ಕದ ಗೆರೆಯ ಹುರುಪೆ ಎಣಿಸುವುದು, ರೆಕ್ಕೆಯ ಕಡ್ಡಿ ಎಣಿಸುವುದು, ಕ್ಯಾಲಿಪರ್‌ನಲ್ಲಿ ಮೂತಿಯಿಂದ ಕಣ್ಣಿಗೆ, ಕಣ್ಣಿನಿಂದ ಕಿವಿರಿನ ಮುಚ್ಚಳಕ್ಕೆ ಅಳೆಯುವುದು, ಇದೇ ಕೆಲಸ. ದಿನಕ್ಕೆ ಹತ್ತು ಮೀನು ಮುಗಿದರೆ ಒಳ್ಳೆಯ ದಿನ. ಅಂದಹಾಗೆ, ನೀವು 38 ಮಿಲಿಮೀಟರ್ ಅಂದಿರಿ. ಬಾಲದ ತುದಿವರೆಗೆ ಅಳೆದಿದ್ದೀರಾ? ಬಾಲದ ತುದಿ ಹರಿದಿರುತ್ತದೆ, ಅದಕ್ಕೇ ನಾವು ಮೂತಿಯ ತುದಿಯಿಂದ ಬಾಲದ ರೆಕ್ಕೆ ಶುರುವಾಗುವ ಬುಡದವರೆಗೆ ಮಾತ್ರ ಅಳೆಯುತ್ತೇವೆ.

ಈಗ ಹೊಸ ಪ್ರಭೇದದ ವಿಷಯ. ಗುಂಡಿಯ ದಡದಲ್ಲಿ ನಿಂತು ಇದು ಹೊಸದು ಅಂತ ಯಾರೂ ಹೇಳಲು ಆಗುವುದಿಲ್ಲ. ಇದಕ್ಕೆ ಮೊದಲು ಯಾರ್ಯಾರು ಏನೇನು ಹೆಸರಿಟ್ಟಿದ್ದಾರೆ ಅಂತ ಪೂರ್ತಿ ಹುಡುಕಬೇಕು. ಪೂರ್ವ ಕೇಪ್‌ನ ಒಂದು ಉದಾಹರಣೆ ಹೇಳುತ್ತೇನೆ.

ಚಬ್ಬಿಹೆಡ್ ಬಾರ್ಬ್ ಅಂತ ಒಂದು ಮೀನಿದೆ. ದುಂಡು ತಲೆ, ಚಿಕ್ಕ ಮೀಸೆ. 1897ರಲ್ಲಿ ಮಾಕ್ಸ್ ವೇಬರ್ ಅದಕ್ಕೆ ಆನೋಪ್ಲಸ್ ಎಂದು ಹೆಸರಿಟ್ಟರು. 1943ರಲ್ಲಿ ಬರ್ನಾರ್ಡ್ ಅದನ್ನೇ ಹೋಲುವ ಇನ್ನೆರಡು ಮೀನುಗಳಿಗೆ ಸೆರ್ನೂಸ್, ಒರಾನಿಯೆನ್ಸಿಸ್ ಎಂದು ಹೆಸರು ಕೊಟ್ಟರು. ಆಮೇಲೆ ಬಂದವರು ವ್ಯತ್ಯಾಸ ಸಾಲದು ಅಂತ ಎಲ್ಲವನ್ನೂ ಮತ್ತೆ ಆನೋಪ್ಲಸ್‌ಗೇ ಸೇರಿಸಿಬಿಟ್ಟರು. ದಶಕಗಟ್ಟಲೆ ಬೇರೆ ಬೇರೆ ನದಿಗಳ ಮೀನನ್ನೆಲ್ಲ ಒಂದೇ ಪ್ರಭೇದ ಅಂತ ನಂಬಿದ್ದರು. 2021ರಲ್ಲಿ ಕಂಬಿಕಂಬಿ, ಕಾಡ್ಯೆ ಮತ್ತು ಚಕೋನಾ ಡಿಎನ್‌ಎ ನೋಡಿ, ಮೀನು ಅಳೆದು, ಇವು ನಾಲ್ಕು ಪ್ರಭೇದ ಅಂತ ತೋರಿಸಿದರು. ಇಲ್ಲಿ ಗಮನಿಸಿ: ನಾಲ್ಕರಲ್ಲಿ ಮೂರಕ್ಕೆ ಹೆಸರು ಮೊದಲೇ ಇತ್ತು. ಬರ್ನಾರ್ಡ್ ಕೊಟ್ಟ ಎರಡು ಹಳೆಯ ಹೆಸರುಗಳಿಗೆ ಮತ್ತೆ ಜೀವ ಬಂತು. ಹೊಸ ಹೆಸರು ಬೇಕಾಗಿದ್ದು ಪೂರ್ವ ಕೇಪ್‌ನ ಒಂದೇ ಮೀನಿಗೆ. ಅದು ಎಂಟೆರೋಮಿಯಸ್ ಮಂಡೇಲೈ. ಹೌದು, ನೆಲ್ಸನ್ ಮಂಡೇಲಾ ಅವರ ಹೆಸರೇ. ನಾನು ನೂರಾರು ಸಲ ಕೈಯಲ್ಲಿ ಹಿಡಿದ ಮೀನಿಗೆ ಆ ಹೆಸರು ಬಂದಿದೆ ಅಂತ ಓದಿದ ದಿನ ನನಗೆ ಆದ ಸಂತೋಷ ಹೇಳತೀರದು.

ಹಳೆಯ ಹೆಸರು ಯಾವ ಮೀನಿನದು ಅಂತ ತಿಳಿಯೋದು ಹೇಗೆ? ಪ್ರತಿ ಹೆಸರಿನ ಹಿಂದೆಯೂ ಒಂದು ನಿಜವಾದ ಮೀನು ಇರುತ್ತದೆ. ಈಗ ಹೆಸರಿಡುವವರು ಒಂದೇ ಒಂದು ಮೀನನ್ನು ಆರಿಸುತ್ತಾರೆ, ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ಹೆಸರು ಅಂಟಿಕೊಂಡಿರುವುದು ಆ ಮೀನಿಗೆ. ಜೊತೆಗಿರುವವು ಪ್ಯಾರಾಟೈಪ್. ನಿಮ್ಮ ಗುಂಡಿಯ ಮೀನು ಎಗ್ಗರ್ಸಿಯಾ ಅಲ್ಲವಾ ಅಂತ ಹೇಳಬೇಕಾದರೆ, ಎಗ್ಗರ್ಸಿಗೆ ಹೆಸರು ತಂದ ಮೀನನ್ನೂ ಅದರ ವಿವರಣೆಯನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ನಾಥೋಗಳಲ್ಲಿ ಹಳೆಯ ಹೆಸರುಗಳೂ ಇವೆ. ಗುಂಥೆರಿ 1893ರದ್ದು, ಮೆಲನೋಸ್ಪೈಲಸ್ 1896ರದ್ದು.

ಆಫ್ರಿಕಾದ ಮೀನುಗಳ ಹಳೆಯ ಮಾದರಿಗಳು ಬಹಳಷ್ಟು ಲಂಡನ್‌ನಲ್ಲಿ, ಪ್ಯಾರಿಸ್‌ನಲ್ಲಿ, ಬೆಲ್ಜಿಯಂನ ಟೆರ್ವೂರನ್‌ನಲ್ಲಿ ಇವೆ. ತಮ್ಮ ನದಿಯ ಮೀನು ನೋಡಲು ಆಫ್ರಿಕಾದ ವಿದ್ಯಾರ್ಥಿಗಳು ವೀಸಾಕ್ಕೆ ಅರ್ಜಿ ಹಾಕಬೇಕು. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಹೊಸದಾಗಿ ವಿವರಿಸುವ ಮೀನಿನ ಹೋಲೋಟೈಪ್ ಅದು ಸಿಕ್ಕ ದೇಶದಲ್ಲೇ ಉಳಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಈಗ ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ. ನಿಮ್ಮ ಗುಂಡಿಯನ್ನು ತುಂಬಿಸುತ್ತಾರೆ ಅಂತ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅದೇ.

ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಬೆಟ್ಟದ ಒಂದು ತೊರೆಯಿಂದ 32 ಬಾರ್ಬ್ ಹಿಡಿದೆವು. ಬೆಳಕು ಹೋಗುತ್ತಿತ್ತು, ಕೈ ಮರಗಟ್ಟಿತ್ತು. ರೆಕ್ಕೆಯ ಚೂರು ಕತ್ತರಿಸಿ ಬೇರೆ ಇಡುವ ಕೆಲಸ ನನ್ನದು. ನಾಳೆ ಮಾಡೋಣ ಅಂದುಕೊಂಡು ಎಲ್ಲವನ್ನೂ ನೇರ ಫಾರ್ಮಾಲಿನ್‌ಗೆ ಹಾಕಿದೆ. ಫಾರ್ಮಾಲಿನ್ ಮೀನಿನ ಆಕಾರವನ್ನು ಚೆನ್ನಾಗಿ ಉಳಿಸುತ್ತದೆ, ಡಿಎನ್‌ಎಯನ್ನು ಹಾಳು ಮಾಡುತ್ತದೆ. ನನಗೆ ಅದು ಗೊತ್ತಿತ್ತು. ಮತ್ತೆ ಬಂದು ಹಿಡಿದರಾಯಿತು ಅಂದುಕೊಂಡಿದ್ದೆ. ಮುಂದಿನ ಎರಡು ವರ್ಷ ಬರ. ತೊರೆ ಒಣಗಿತು. ಮಳೆ ಬಂದ ಮೇಲೆ ಮೂರು ಸಲ ಹೋಗಿ ಬಲೆ ಹಾಕಿದೆವು. ಸಿಕ್ಕಿದ್ದು ಬಾಸ್ ಮಾತ್ರ. ಗಾಳದ ಮೋಜಿಗೆ ಅಮೆರಿಕದಿಂದ ತಂದು ಬಿಟ್ಟ ಮೀನು ಅದು, ಬಾಯಿಗೆ ಹಿಡಿಯುವ ಸಣ್ಣ ಮೀನನ್ನೆಲ್ಲ ನುಂಗುತ್ತದೆ. ಆ ತೊರೆಯ ಬಾರ್ಬ್ ಅಂತ ಈಗ ಇರುವುದು ಎರಡು ಜಾಡಿಗಳಲ್ಲಿನ ಆ 32 ಮೀನು. ಅವು ಯಾವ ಪ್ರಭೇದ ಅಂತ ಅಳತೆಯಿಂದ ಒಂದಿಷ್ಟು ಊಹಿಸಬಹುದು. ಖಚಿತವಾಗಿ ಹೇಳಲು ಬೇಕಾಗಿದ್ದ ಚೂರನ್ನು ನಾನು ಕತ್ತರಿಸಿರಲಿಲ್ಲ.

ಹಾಗಾಗಿ, ಎರೆಗುಂಡಿ ಸರ್, ನಿಮ್ಮ ಮೀನು ಹೊಸದೋ ಹಳೆಯದೋ ಅನ್ನೋದು ಆಮೇಲೆ. ಈ ವಾರ ಗುಂಡಿಯಿಂದ ಏನನ್ನು ಉಳಿಸಿಕೊಳ್ಳುತ್ತೀರಿ ಅನ್ನೋದು ಮುಖ್ಯ.

ಮೊದಲು ಫೋಟೋ. ಗಂಡು ನಾಥೋ ಬಣ್ಣವೇ ಅದರ ದೊಡ್ಡ ಗುರುತು. ಸತ್ತು ದ್ರಾವಣಕ್ಕೆ ಬಿದ್ದ ಮೇಲೆ ಅದು ಉಳಿಯುವುದಿಲ್ಲ. ಎರಡು ಗಾಜಿನ ನಡುವೆ ಮೀನು ತಿರುಗದಷ್ಟು ಇಕ್ಕಟ್ಟಾದ ಪುಟ್ಟ ತೊಟ್ಟಿಯಲ್ಲಿ ಬಿಟ್ಟು, ಪಕ್ಕದಿಂದ ತೆಗೆಯಿರಿ. ತಲೆ ಎಡಕ್ಕೆ ಇರಲಿ. ನಮ್ಮ ವಾಡಿಕೆಯಲ್ಲಿ ಮೀನಿನ ಎಡಬದಿ ಚಿತ್ರಕ್ಕೂ ಅಳತೆಗೂ ಮೀಸಲು, ಚೂರು ಕತ್ತರಿಸುವುದು ಬಲಬದಿಯಲ್ಲಿ. ಹೆಣ್ಣುಗಳನ್ನೂ ಬಿಡಬೇಡಿ. ಮೈಮೇಲೆ ಕಪ್ಪು ಚುಕ್ಕೆ ಇರುವ ಹೆಣ್ಣು ಇದೆಯಾ ನೋಡಿ. ಇದ್ದರೆ ಮೆಲನೋಸ್ಪೈಲಸ್ ಕೂಡ ಅಲ್ಲಿರಬಹುದು. ಒಂದೇ ಗುಂಡಿಯಲ್ಲಿ ಎರಡು ಮೂರು ನಾಥೋ ಪ್ರಭೇದ ಸಿಗುವುದು ಅಪರೂಪವಲ್ಲ.

ಸ್ಪಿರಿಟ್‌ನಲ್ಲಿರುವ ನಾಲ್ಕನ್ನು ಬಿಸಾಡಬೇಡಿ. ಶುದ್ಧ 95% ಎಥನಾಲ್ ಸಿಕ್ಕರೆ ಬಲಬದಿಯ ರೆಕ್ಕೆಯ ಚೂರನ್ನು ಅದಕ್ಕೆ ಹಾಕಿಡಿ. ಪ್ರತಿ ಬಾಟಲಿಯ ಒಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಬೇಕು. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ, ಹೊರಗೆ ಅಂಟಿಸಿದ ಚೀಟಿ ಕಿತ್ತುಹೋಗುತ್ತದೆ. ಜಾಗ, ದಿನಾಂಕ, ಹಿಡಿದವರು. ನೀವು ಸರ್ವೇಯರ್, ಅಕ್ಷಾಂಶ ರೇಖಾಂಶ ನಿಮಗಿಂತ ಚೆನ್ನಾಗಿ ಯಾರು ಬರೆಯುತ್ತಾರೆ! ನೂರು ವರ್ಷದ ಹಿಂದಿನ ಎಷ್ಟೋ ಜಾಡಿಗಳ ಮೇಲೆ ನದಿಯ ಹೆಸರು ಮಾತ್ರ ಇರುತ್ತದೆ. ನದಿ ಸಾವಿರ ಕಿಲೋಮೀಟರ್ ಇರಬಹುದು.

ಇನ್ನು ಮುಂದೆ ನೀವೇ ಮೀನು ಹಿಡಿದು ಕೊಲ್ಲಬೇಡಿ. ಅದಕ್ಕೆ ಅನುಮತಿ ಬೇಕು. ಟಾಂಜಾನಿಯಾದಲ್ಲಿ ಸಂಶೋಧನೆಗೆ ಅನುಮತಿ ಕೊಡುವುದು ಕಾಸ್ಟೆಕ್, ಅಂದರೆ ಅಲ್ಲಿನ ವಿಜ್ಞಾನ ತಂತ್ರಜ್ಞಾನ ಆಯೋಗ. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದವರಿಗೆ ಅಥವಾ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಟಾಫಿರಿಗೆ ಫೋಟೋ, ಜಾಗ, ಮತ್ತು ಗುಂಡಿ ತುಂಬಿಸುವ ವಿಷಯ ಬರೆದು ಕಳಿಸಿ. ಕೊನೆಯದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಪ್ರತಿಕ್ರಿಯೆ: ಎರೆಗುಂಡಿ

ಕಿವಿರು ಮೇಡಂ, ನಿಮ್ಮ ಉತ್ತರ ಎರಡು ಸಲ ಓದಿದೆ. ಹೌದು, ಬಾಲದ ತುದಿವರೆಗೆ ಅಳೆದಿದ್ದೆ. ಮತ್ತೆ ಅಳೆದರೆ 31. ಬಕೆಟ್‌ಗಳು ಮೊದಲಿನಿಂದಲೂ ಬೇರೆ ಬೇರೆ ಇವೆ, ನೀಲಿಬಾಲ ಅವರೇ. ಇವತ್ತು ಗುರುತೂ ಹಾಕಿದೆ.

ಎರಡು ಸಂಶಯ. ನೀಲಿ ಒಂದು ಕಡೆ, ಕೆಂಪು ಒಂದು ಕಡೆ ಇದ್ದರೂ ಒಂದೇ ಪ್ರಭೇದ ಅನ್ನೋದು ಹೇಗೆ? ಮತ್ತೆ, ಅಕಸ್ಮಾತ್ ಹೊಸದೇ ಆದರೆ ಹುಡುಗನ ಹೆಸರು ಇಡಬಹುದಾ? ಈಗಲೇ ಇಲ್ಲಿ ಆ ಹೆಸರು ಬರೆದು ದಾಖಲಿಸಲಾ?

ಉತ್ತರ: ಕಿವಿರು

ಹೆಸರನ್ನು ಇಲ್ಲಿ ಬರೆಯಬೇಡಿ, ದಯವಿಟ್ಟು. ಪ್ರಾಣಿಗಳಿಗೆ ಹೆಸರಿಡಲು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಈಗಿನದು 2000ದ ಜನವರಿ 1ರಿಂದ ಜಾರಿಯಲ್ಲಿರುವ ನಾಲ್ಕನೇ ಆವೃತ್ತಿ. 2012ರಿಂದ ಆನ್‌ಲೈನ್ ಪತ್ರಿಕೆಯಲ್ಲಿ ಬಂದ ಹೆಸರೂ ನಡೆಯುತ್ತದೆ, ಆದರೆ ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ವಿವರಣೆ ಇರಬೇಕು, ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿದೆ ಅಂತ ಹೇಳಿರಬೇಕು. ಇದ್ಯಾವುದೂ ಇಲ್ಲದೆ ಒಂದು ಹೆಸರು ಓಡಾಡಲು ಶುರುವಾದರೆ ಮುಂದೆ ಕೆಲಸ ಮಾಡುವವರಿಗೆ ಗೊಂದಲ.

ಹುಡುಗನ ಹೆಸರು ಇಡಲು ಅಡ್ಡಿ ಏನೂ ಇಲ್ಲ. ಗಂಡಸಿನ ಹೆಸರಾದರೆ ಕೊನೆಗೆ ಇ, ಹೆಂಗಸಿನದಾದರೆ ಎ, ಹಲವರದಾದರೆ ಓರಂ ಸೇರುತ್ತದೆ. ಮಂಡೇಲಾ ಮಂಡೇಲೈ ಆದದ್ದು ಹಾಗೆ. ಜಾಗದ ಹೆಸರಾದರೆ ಎನ್ಸಿಸ್. ಆರಿಸುವ ಹಕ್ಕು ವಿವರಣೆ ಬರೆಯುವವರದು. ನೀವು ಕೇಳಿಕೊಳ್ಳಬಹುದು. ಹೆಸರು ಬರಲಿ ಬಿಡಲಿ, ಚೀಟಿಯ ಮೇಲೆ ಹಿಡಿದವರು ಅಂತ ಇರುವ ಕಡೆ ಅವನ ಹೆಸರು ಈಗಲೇ ಬರೆಯಿರಿ. ಅವನೇ ಹಿಡಿದಿದ್ದಲ್ವಾ?

ಮೊದಲ ಪ್ರಶ್ನೆಗೆ ಬರುತ್ತೇನೆ. ಗುಂಡಿ ಎಂದರೆ ದ್ವೀಪ ಇದ್ದ ಹಾಗೆ. ಪ್ರವಾಹದ ನೀರಿನಲ್ಲಿ ನಾಲ್ಕಾರು ಮೀನು ಒಂದು ತಗ್ಗಿಗೆ ಬಂದು ಸೇರಿದವು ಅಂತ ಇಟ್ಟುಕೊಳ್ಳಿ. ಅವುಗಳಲ್ಲಿ ಗಂಡೆಲ್ಲ ಕೆಂಪಾಗಿದ್ದರೆ ಆ ಗುಂಡಿಯೆಲ್ಲ ಕೆಂಪಾಗಬಹುದು. ಪ್ರಭೇದ ಬೇರೆ ಅನ್ನಲು ಬಣ್ಣದ ಜೊತೆ ಇನ್ನೇನಾದರೂ ಬೇಕು. ಕಡ್ಡಿಗಳ ಎಣಿಕೆ, ತಲೆಯ ಅಳತೆ, ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಮಣಿಗಳು, ಡಿಎನ್‌ಎ. ಇವುಗಳಲ್ಲಿ ಎರಡು ಮೂರು ಒಂದೇ ಕಡೆ ಬೆರಳು ತೋರಿಸಿದರೆ ಆಗ ನಂಬಬಹುದು. ಎರಡು ಬಣ್ಣವೂ ಒಟ್ಟಿಗೆ ಇರುವ ಗುಂಡಿ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಅವು ಬೆರೆಯುತ್ತವೆಯೋ ಇಲ್ಲವೋ ನೇರವಾಗಿ ಕಾಣುತ್ತದೆ. ಹುಡುಗನನ್ನು ಕೇಳಿ.

ಬೇಗ ಆಗುವ ಕೆಲಸ ಇದಲ್ಲ. ಹೊಸ ಪ್ರಭೇದದ ಮೊದಲ ಮಾದರಿ ಸಿಕ್ಕಿದಾಗಿನಿಂದ ವಿವರಣೆ ಬರುವವರೆಗೆ ಸರಾಸರಿ 21 ವರ್ಷ ಅಂತ 2012ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅಷ್ಟೂ ವರ್ಷ ಮೀನು ಜಾಡಿಯಲ್ಲಿ ಕಾಯುತ್ತದೆ.

ಉತ್ತರ: ನೀಲಿಬಾಲ

ಗುಂಡಿ ತುಂಬಿಸುವ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಅದು ಒಣ ತಗ್ಗಿನ ಹಾಗೆ ಕಾಣುತ್ತದೆ. ಇಂಜಿನಿಯರುಗಳಿಗೆ ಅಲ್ಲಿ ಏನೂ ಇಲ್ಲ ಅನ್ನಿಸುವುದು ಸಹಜ. ಆದರೆ ಆಗಲೇ ಇಡೀ ಮೀನಿನ ಸಂತತಿ ಮೊಟ್ಟೆಯಾಗಿ ಆ ಮಣ್ಣಿನಲ್ಲಿರುತ್ತದೆ. ಮೇಲೆ ಎರಡು ಮೀಟರ್ ಮಣ್ಣು ಬಿದ್ದರೆ ಮುಂದಿನ ಮಳೆಗೆ ಅವಕ್ಕೆ ನೀರು ತಲುಪುವುದಿಲ್ಲ. ಕೀನ್ಯಾದ ಗೊಂಗೋನಿ ಕಾಡಿನಲ್ಲಿ ಇತ್ತೀಚೆಗೆ ವಿವರಿಸಿದ ಸಿಲ್ವಾಟಿಕಸ್ ಎಂಬ ನಾಥೋ ಇದೆ. ಇಡೀ ಪ್ರಭೇದಕ್ಕೆ ಇರುವುದು ಆ ಒಂದು ಕಾಡಿನ ತುಣುಕು. ನಿಮ್ಮದು ಎಗ್ಗರ್ಸಿಯೇ ಆಗಿದ್ದರೂ, ನೀಲಿಗಳ ಆ ಗುಂಡಿ ಉಳಿದರೆ ಚೆಂದ. ನೀವು ಒಳಗಿನವರು. ನಕ್ಷೆ ನಿಮ್ಮ ಕೈಯಲ್ಲೇ ಬರುತ್ತದೆ ಅಲ್ವಾ?

ಪ್ರತಿಕ್ರಿಯೆ: ಎರೆಗುಂಡಿ

ಇವತ್ತಿನ ಸುದ್ದಿ ಹೇಳಿ ಮುಗಿಸುತ್ತೇನೆ. ಎಂಟು ಮೀನಿನ ಫೋಟೋ ಆಯಿತು, ತಲೆ ಎಡಕ್ಕೆ. ಚುಕ್ಕೆ ಇರುವ ಹೆಣ್ಣು ಒಂದು ಸಿಕ್ಕಿದೆ, ನೀಲಿ ಗುಂಡಿಯದು. ವಿಶ್ವವಿದ್ಯಾಲಯಕ್ಕೆ ಪತ್ರ ಹೋಗಿದೆ, ತುಂಬಿಸುವ ವಿಷಯ ಮೊದಲ ಸಾಲಿನಲ್ಲೇ ಇದೆ. ನಮ್ಮ ಸೈಟ್ ಇಂಜಿನಿಯರ್ ಜೊತೆ ನಕ್ಷೆ ಹಿಡಿದು ಕೂತಿದ್ದೆ. ರಸ್ತೆಯ ಅಂಚನ್ನು ಆ ನಲವತ್ತು ಮೀಟರ್‌ನಲ್ಲಿ ಎದುರು ಬದಿಗೆ ಸರಿಸಲು ಆಗುತ್ತಾ ಅಂತ ಕೇಳಿದೆ. ಲೆಕ್ಕ ಮಾಡಿಕೊಂಡು ಬಾ ಅಂದರು. ಮಾಡುತ್ತಿದ್ದೇನೆ.

ಹುಡುಗನಿಗೆ ಚೀಟಿ ತೋರಿಸಿದೆ. ತನ್ನ ಹೆಸರನ್ನು ಬೆರಳಿಟ್ಟು ಓದಿದ. ಎರಡು ಬಣ್ಣವೂ ಇರುವ ಗುಂಡಿ ಇದೆಯಾ ಅಂತ ಕೇಳಿದ್ದಕ್ಕೆ ನದಿಯ ಕಡೆ ಕೈ ತೋರಿಸಿ, ದೂರ, ಬೆಳಿಗ್ಗೆ ಬೇಗ ಹೊರಡಬೇಕು ಅಂದ. ಭಾನುವಾರ ಹೋಗುತ್ತಿದ್ದೇವೆ. ಬಲೆ ಒಯ್ಯುವುದಿಲ್ಲ, ಗಾಜಿನ ತೊಟ್ಟಿ, ಕ್ಯಾಮೆರಾ ಮತ್ತು ಅವನ ಪರದೆ ತುಂಡು ಮಾತ್ರ. ನೋಡಿ ವಾಪಸ್ ಬಿಡುತ್ತೇವೆ.